ಪುಸ್ತಕ ಮುಗಿಯುವ ಮೊದಲೇ ವಾರ್ಡಿಗೆ: ಎಂಬಿಬಿಎಸ್ ಮೊದಲ ವರ್ಷದಲ್ಲೇ ರೋಗಿಯನ್ನು ಯಾಕೆ ಕಾಣಬೇಕು?

ಮನೆಯಲ್ಲಿ ಒಬ್ಬ ಹುಡುಗಿಗೆ ಎಂಬಿಬಿಎಸ್ ಸೀಟು ಸಿಕ್ಕಿತು ಅಂದುಕೊಳ್ಳಿ. ಕಾಲೇಜು ಶುರುವಾಗಿ ಎರಡು ತಿಂಗಳೂ ಆಗಿರುವುದಿಲ್ಲ. ಹಬ್ಬಕ್ಕೆ ಊರಿಗೆ ಬಂದವಳ ಮುಂದೆ ಅಜ್ಜಿ ಕಾಲು ಚಾಚಿ ಕೂರುತ್ತಾರೆ. "ನೋಡವ್ವಾ, ಈ ಮಂಡಿ ಯಾಕೋ ಹಿಡ್ಕೊಂಡುಬಿಟ್ಟಿದೆ." ದೊಡ್ಡಪ್ಪ ತಮ್ಮ ಬಿಪಿ ಮಾತ್ರೆಯ ಚೀಟಿ ತಂದು ಕೈಗಿಡುತ್ತಾರೆ. ಹುಡುಗಿಗೆ ತೊಡೆಯ ಮೂಳೆಯ ಮೇಲಿನ ಒಂದೊಂದು ಉಬ್ಬು ತಗ್ಗಿನ ಹೆಸರೂ ಬಾಯಿಪಾಠ. ಆದರೆ ಅಜ್ಜಿಯನ್ನು ಮೊದಲು ಏನು ಕೇಳಬೇಕು ಅನ್ನುವುದು ಗೊತ್ತಿಲ್ಲ.

ಮನೆಯವರ ಲೆಕ್ಕದಲ್ಲಿ ಅವಳು ಆಗಲೇ ಡಾಕ್ಟರ್. ಕಾಲೇಜಿನ ಲೆಕ್ಕ ಬೇರೆ. ನಮ್ಮ ದೇಶದಲ್ಲಿ ಬಹಳ ಕಾಲ ಎಂಬಿಬಿಎಸ್ ಮೊದಲ ವರ್ಷ ಅಂದರೆ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ದೇಹ ಹೇಗಿದೆ, ಅದು ಹೇಗೆ ಕೆಲಸ ಮಾಡುತ್ತದೆ, ಅದರೊಳಗಿನ ರಸಾಯನ ಏನು. ವಾರ್ಡಿಗೆ ಹೋಗುವುದು ಮೂರನೇ ಸೆಮಿಸ್ಟರಿನಿಂದ. ಅಲ್ಲಿಯವರೆಗೆ ಅವಳು ಮುಟ್ಟಿ ನೋಡುವ ದೇಹ ಡಿಸೆಕ್ಷನ್ ಹಾಲಿನ ಮೇಜಿನ ಮೇಲಿರುವುದು. ಯಾರೋ ದೊಡ್ಡ ಮನಸ್ಸಿನಿಂದ ದಾನ ಮಾಡಿದ ದೇಹ ಅದು. ಅದಕ್ಕೆ ಎಲ್ಲ ಗೌರವವೂ ಸಲ್ಲಬೇಕು. ಆದರೆ ಅದು ಮಾತಾಡುವುದಿಲ್ಲ.

2019ರಲ್ಲಿ ಈ ಕ್ರಮ ಬದಲಾಯಿತು. ಆಗಿನ ಭಾರತೀಯ ವೈದ್ಯಕೀಯ ಮಂಡಳಿ ತಂದ ಹೊಸ ಪಠ್ಯಕ್ರಮ, ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳನ್ನು ರೋಗಿಗಳ ಬಳಿ ಕರೆದೊಯ್ಯಬೇಕು ಎಂದಿತು. ಅದಕ್ಕೆ 90 ಗಂಟೆ ಮೀಸಲಿಟ್ಟಿತು. ಮುಂದೆ ಗಂಟೆಗಳ ಲೆಕ್ಕ ಬದಲಾಗಿದೆ, ವಿಚಾರ ಉಳಿದಿದೆ. ಕಾಲೇಜುಗಳಲ್ಲಿ ಇದನ್ನು ಅರ್ಲಿ ಕ್ಲಿನಿಕಲ್ ಎಕ್ಸ್‌ಪೋಷರ್ ಅನ್ನುತ್ತಾರೆ. ಮಕ್ಕಳ ಬಾಯಲ್ಲಿ ಅದು 'ಇಸಿಇ ಕ್ಲಾಸು'.

ಏನೂ ಗೊತ್ತಿಲ್ಲದ ಹದಿನೆಂಟರ ಹುಡುಗರನ್ನು ರೋಗಿಯ ಮುಂದೆ ನಿಲ್ಲಿಸಿ ಏನು ಪ್ರಯೋಜನ? ಪೋಷಕರೂ ಇದನ್ನು ಕೇಳುತ್ತಾರೆ, ಎಷ್ಟೋ ಪ್ರಾಧ್ಯಾಪಕರೂ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ರೋಗ ಪತ್ತೆ ಮಾಡಲು ಆ ಹುಡುಗರಿಗೆ ಬರುವುದಿಲ್ಲ. ಆದರೆ ರೋಗಿಯ ಮಾತನ್ನು ರೋಗಿಯ ಮಾತಾಗಿಯೇ ಕೇಳುವ ಕಿವಿ ಅವರಲ್ಲಿ ಇನ್ನೂ ಇದೆ. ಮೂರು ವರ್ಷ ಕಳೆದರೆ ಆ ಕಿವಿ ಬದಲಾಗುತ್ತದೆ. ಅದು ಬದಲಾಗುವ ಮೊದಲೇ ಅವರು ರೋಗಿಯ ಪಕ್ಕ ಕೂರಬೇಕು ಅನ್ನುವುದು ನನ್ನ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಗೋಡೆ ಎದ್ದದ್ದು ಹೇಗೆ

ಮೊದಲು ಪುಸ್ತಕ, ಆಮೇಲೆ ರೋಗಿ. ಈ ಕ್ರಮದ ಹಿಂದೆ ಒಂದು ಒಳ್ಳೆಯ ಕಾರಣವೇ ಇತ್ತು. ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಬೀದಿಗೊಂದು ಅನ್ನುವಂತೆ ಮೆಡಿಕಲ್ ಸ್ಕೂಲುಗಳಿದ್ದವು. ಎಷ್ಟೋ ಕಡೆ ಪ್ರಯೋಗಾಲಯವೇ ಇರಲಿಲ್ಲ. ಫೀಸು ಕಟ್ಟಿದವರಿಗೆ ಡಿಗ್ರಿ. ಅಬ್ರಹಾಂ ಫ್ಲೆಕ್ಸ್‌ನರ್ ಎಂಬುವವರು ಅಮೆರಿಕ ಮತ್ತು ಕೆನಡಾದ 155 ಸ್ಕೂಲುಗಳನ್ನು ನೋಡಿ ಬಂದು 1910ರಲ್ಲಿ ವರದಿ ಕೊಟ್ಟರು. ಅವರು ಸ್ವತಃ ವೈದ್ಯರಲ್ಲ, ಶಾಲಾ ಶಿಕ್ಷಕರಾಗಿದ್ದವರು. ಮೊದಲ ಎರಡು ವರ್ಷ ಪ್ರಯೋಗಾಲಯದಲ್ಲಿ ಗಟ್ಟಿಯಾಗಿ ವಿಜ್ಞಾನ, ಆಮೇಲಿನ ಎರಡು ವರ್ಷ ಆಸ್ಪತ್ರೆಯಲ್ಲಿ. ಇದು ಅವರು ಒತ್ತಿ ಹೇಳಿದ ಮಾದರಿ. ಕೆಟ್ಟ ಸ್ಕೂಲುಗಳು ಮುಚ್ಚಿದವು, ವೈದ್ಯಕೀಯದ ಮಟ್ಟ ಏರಿತು. ಅದರ ಜೊತೆಗೇ ಎರಡು ಭಾಗಗಳ ನಡುವೆ ಒಂದು ಗೋಡೆಯೂ ಎದ್ದಿತು.

ಬ್ರಿಟಿಷರಿಂದ ಬಂದ ನಮ್ಮ ಪದ್ಧತಿಯಲ್ಲೂ ಇಂಥದೇ ಗೋಡೆ ಇತ್ತು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಎರಡೂ ಮೆಡಿಕಲ್ ಕಾಲೇಜಿಗೆ ಅಂಟಿಕೊಂಡಂತೆಯೇ ಇವೆ. ಅನಾಟಮಿ ತರಗತಿಯಿಂದ ವಾರ್ಡಿಗೆ ನಡೆದರೆ ಹೆಚ್ಚು ಹೊತ್ತು ಬೇಡ. ದೂರ ಇದ್ದದ್ದು ಟೈಂಟೇಬಲ್ಲಿನಲ್ಲಿ.

ಗೋಡೆ ಒಡೆಯುವ ಪ್ರಯತ್ನಗಳೂ ಹಳೆಯವೇ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ 1952ರಲ್ಲಿ ಒಂದು ಚೆಂದದ ಕೆಲಸ ಮಾಡಿತು. ಮೊದಲ ವರ್ಷದ ಪ್ರತಿ ವಿದ್ಯಾರ್ಥಿಗೂ ಒಬ್ಬ ಗರ್ಭಿಣಿಯ ಪರಿಚಯ ಮಾಡಿಸಿತು. ವಿದ್ಯಾರ್ಥಿ ಆಕೆಯ ಜೊತೆ ತಪಾಸಣೆಗೆ ಹೋಗಬೇಕು, ಹೆರಿಗೆಯ ಹೊತ್ತಿಗೆ ಇರಬೇಕು, ಆಮೇಲೆ ಮಗು ಬೆಳೆಯುವುದನ್ನು ನೋಡಬೇಕು. ಇನ್ನೂ ಔಷಧಿಯ ಹೆಸರೇ ಗೊತ್ತಿಲ್ಲದ ಹುಡುಗ ಒಂದು ಕುಟುಂಬಕ್ಕೆ ಬೇಕಾದವನಾಗುತ್ತಿದ್ದ. ಅವನು ಮೊದಲು ಕಂಡದ್ದು ಒಂದು ಸಂಸಾರವನ್ನು, ಅದರೊಳಗೆ ಒಂದು ದೇಹವನ್ನು.

ನಮ್ಮಲ್ಲೂ ಕೆಲವರು ಸರ್ಕಾರಿ ಆದೇಶಕ್ಕೆ ಕಾಯಲಿಲ್ಲ. ಗಾಂಧೀಜಿಯ ವೈದ್ಯೆಯಾಗಿದ್ದ ಡಾ. ಸುಶೀಲಾ ನಾಯರ್ 1969ರಲ್ಲಿ ಸೇವಾಗ್ರಾಮದಲ್ಲಿ ಮೆಡಿಕಲ್ ಕಾಲೇಜು ಕಟ್ಟಿದರು. ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ 15 ದಿನ ಉಳಿದು, ಕೆಲವು ಮನೆಗಳ ಕಷ್ಟಸುಖ ವಿಚಾರಿಸಿಕೊಳ್ಳುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ಮೊದಲ ವರ್ಷದವರು ಹಳ್ಳಿಯಲ್ಲಿ ಇದ್ದು ಬರುವ ರೂಢಿ ಇದೆ. ಇಂಥ ಕಾಲೇಜುಗಳಲ್ಲಿ ಓದಿದ ವೈದ್ಯರನ್ನು ಮಾತಿಗೆ ಎಳೆಯಿರಿ. ಪಠ್ಯದಲ್ಲಿ ಏನಿತ್ತು ಅನ್ನುವುದು ಮರೆತಿದ್ದರೂ ಆ ಹಳ್ಳಿಯ ನೆನಪು ಇರುತ್ತದೆ.

ಸೊಟ್ಟಗಾದ ಒಂದು ಮುಖ

ಮೊದಲ ವರ್ಷದ ಓದಿಗೂ ರೋಗಿಗೂ ಹೇಗೆ ಗಂಟು ಬೀಳುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಬಿಡಿಸಿ ನೋಡೋಣ. ಇಂಥ ರೋಗಿ ದೊಡ್ಡ ಆಸ್ಪತ್ರೆಯ ಓಪಿಡಿಯಲ್ಲಿ ಆಗಾಗ ಸಿಗುತ್ತಾರೆ. ಸುಮಾರು ನಲವತ್ತು ವರ್ಷದ ಮನುಷ್ಯ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರಿಹೋಗುತ್ತದೆ. ಕನ್ನಡಿ ನೋಡಿದರೆ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿದೆ. ಒಂದು ಕಣ್ಣು ಮುಚ್ಚುತ್ತಿಲ್ಲ. ಮನೆಯವರಿಗೆ ಗಾಬರಿ, ಲಕ್ವ ಹೊಡೆದಿದೆ ಅಂತ. ಆ ಮನುಷ್ಯ ಹೇಳುವುದು ಬೇರೆ: "ನಿನ್ನೆ ರಾತ್ರಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಬಂದೆ ಸ್ವಾಮಿ, ತಣ್ಣನೆ ಗಾಳಿ ಬಡೀತು."

ಅದೇ ವಾರ ತರಗತಿಯಲ್ಲಿ ಮುಖದ ನರದ ಪಾಠ ನಡೆದಿದೆ. ಮಕ್ಕಳಿಗೆ ಅದೊಂದು ತಲೆನೋವಿನ ಪಾಠ. ಆ ನರ ತಲೆಬುರುಡೆಯ ಮೂಳೆಯೊಳಗೆ ಸುತ್ತಿ ಬಳಸಿ ಬರುತ್ತದೆ. ದಾರಿಯಲ್ಲಿ ಒಂದು ಎಳೆ ಕಿವಿಯೊಳಗಿನ ಪುಟ್ಟ ಸ್ನಾಯುವಿಗೆ ಹೋಗುತ್ತದೆ. ಇನ್ನೊಂದು ಎಳೆ ನಾಲಗೆಯ ಮುಂಭಾಗದ ರುಚಿಯನ್ನು ಹೊತ್ತು ತರುತ್ತದೆ. ಕಿವಿಯ ಕೆಳಗೆ ಹೊರಬಿದ್ದ ಮೇಲೆ ಐದು ಕವಲಾಗಿ ಮುಖಕ್ಕೆಲ್ಲ ಹರಡುತ್ತದೆ. ಹೆಸರುಗಳೋ, ಬಾಯಿ ತಿರುಗುವಂಥವಲ್ಲ. ಪರೀಕ್ಷೆಗೆ ಉರು ಹೊಡೆದು, ಮುಗಿದ ಮೇಲೆ ಮರೆಯುವುದೇ ಹೆಚ್ಚು.

ಈಗ ಹತ್ತು ವಿದ್ಯಾರ್ಥಿಗಳು ಆ ಮನುಷ್ಯನ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಅನಾಟಮಿ ಮೇಡಂ, ಜೊತೆಗೆ ಮೆಡಿಸಿನ್ ವಿಭಾಗದ ಒಬ್ಬ ವೈದ್ಯರು. "ಹುಬ್ಬು ಮೇಲೆತ್ತಿ ನೋಡೋಣ ಅಣ್ಣಾ." ಅರ್ಧ ಹಣೆಯಲ್ಲಿ ಗೆರೆ ಮೂಡುತ್ತದೆ, ಇನ್ನರ್ಧ ಸಪಾಟು. "ಕಣ್ಣು ಗಟ್ಟಿಯಾಗಿ ಮುಚ್ಚಿ." ಒಂದು ಮುಚ್ಚುತ್ತದೆ, ಇನ್ನೊಂದರಲ್ಲಿ ಗುಡ್ಡೆ ಮೇಲಕ್ಕೆ ತಿರುಗಿ ಬಿಳಿ ಕಾಣುತ್ತದೆ. "ಹಲ್ಲು ಕಿರಿಯಿರಿ." ಬಾಯಿ ಒಂದೇ ಪಕ್ಕಕ್ಕೆ ಹೋಗುತ್ತದೆ. ಒಂದೊಂದು ಕವಲೂ ಕಣ್ಣೆದುರೇ ಹೆಸರು ಹೇಳುತ್ತಿದೆ. ಅಷ್ಟರಲ್ಲಿ ಆ ಮನುಷ್ಯ ತಾನಾಗಿಯೇ ಅನ್ನುತ್ತಾರೆ: "ಈ ಕಡೆ ಕಿವಿಗೆ ಸಣ್ಣ ಸದ್ದೂ ಜಾಸ್ತಿ ಕೇಳುತ್ತೆ. ಊಟ ರುಚೀನೇ ಇಲ್ಲ." ಇಡೀ ನಕಾಶೆ ಈಗ ಒಬ್ಬ ಮನುಷ್ಯನ ಮುಖದ ಮೇಲಿದೆ. ಆ ಪಾಠ ಇನ್ನು ಮರೆಯುವುದುಂಟಾ?

ವೈದ್ಯರು ಇಲ್ಲೊಂದು ಸೂಕ್ಷ್ಮ ಸೇರಿಸುತ್ತಾರೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಪಕ್ಕದಿಂದ ಅಪ್ಪಣೆ ಬರುತ್ತದೆ. ಮುಖದ ಕೆಳಭಾಗಕ್ಕೆ ಮುಖ್ಯವಾಗಿ ಎದುರು ಪಕ್ಕದಿಂದ ಮಾತ್ರ. ಮೆದುಳಿನ ಒಂದು ಪಕ್ಕದಲ್ಲಿ ರಕ್ತ ನಿಂತು ಲಕ್ವ ಹೊಡೆದರೆ, ಬಾಯಿ ಸೊಟ್ಟಗಾದರೂ ಹಣೆಯ ಗೆರೆ ಸಾಮಾನ್ಯವಾಗಿ ಉಳಿಯುತ್ತದೆ. ನರಕ್ಕೇ ಪೆಟ್ಟಾದರೆ ಹಣೆಯೂ ಹೋಗುತ್ತದೆ. ಈ ಮನುಷ್ಯನಿಗೆ ಆಗಿರುವುದು ಎರಡನೆಯದು, ಬೆಲ್ಸ್ ಪಾಲ್ಸಿ. ಹೆಚ್ಚಿನವರು ಕೆಲವು ವಾರ, ತಿಂಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಸ್ಟೀರಾಯ್ಡ್ ಮಾತ್ರೆ ಮೂರು ದಿನದೊಳಗೆ ಶುರುವಾದರೆ ಒಳ್ಳೆಯದು. ಮುಚ್ಚದ ಕಣ್ಣು ಒಣಗಿ ಹುಣ್ಣಾಗಬಹುದು, ಅದಕ್ಕೆ ಹನಿ ಹಾಕಬೇಕು, ಮಲಗುವಾಗ ಮುಚ್ಚಿ ಅಂಟಿಸಬೇಕು. (ಓದುತ್ತಿರುವ ನಿಮಗೆ ಒಂದು ಮಾತು. ಬಾಯಿ ಸೊಟ್ಟಗಾದರೆ ಮನೆಯಲ್ಲಿ ಹಣೆಯ ಗೆರೆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಲಕ್ವವೇ ಆಗಿದ್ದರೆ ಒಂದೊಂದು ನಿಮಿಷವೂ ಮುಖ್ಯ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ.)

ಇಷ್ಟರಲ್ಲಿ ವಿದ್ಯಾರ್ಥಿಗಳು ಕಲಿತದ್ದು ಎರಡು ಸಂಗತಿ. ಅನಾಟಮಿ ಗಟ್ಟಿಯಾಯಿತು, ಅದು ಒಂದು. ಇನ್ನೊಂದು ಪಠ್ಯದಲ್ಲಿಲ್ಲ. ಆ ಮನುಷ್ಯ ಮಾತಾಡುವಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಯಾಕೆ ಅಂತ ಒಬ್ಬ ಹುಡುಗಿ ಕೇಳಿದಳು ಅಂದುಕೊಳ್ಳಿ. "ಮುಂದಿನ ವಾರ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರಮ್ಮಾ. ಈ ಮುಖ ಇಟ್ಕೊಂಡು ಹೇಗೆ ಕೂರಲಿ?" ರೋಗದ ಹೆಸರು ವೈದ್ಯರಿಗೆ ಗೊತ್ತು. ರೋಗಿಯ ಚಿಂತೆ ಹೊರಬಂದದ್ದು ಏನೂ ತಿಳಿಯದ ಹುಡುಗಿ ಕೇಳಿದ್ದರಿಂದ.

"ಗ್ಯಾಸ್ ಅಂದ್ರೆ ಏನಾಗುತ್ತೆ ಅಮ್ಮಾ?"

ಕಿವಿಯ ಮಾತು ಹೇಳಿದೆನಲ್ಲ, ಈಗ ಅದಕ್ಕೆ ಬರುತ್ತೇನೆ.

ನಮ್ಮ ಜನ ನೋವನ್ನು ಹೇಳುವ ರೀತಿ ಬಹಳ ಶ್ರೀಮಂತವಾದದ್ದು. ಚುಚ್ಚುತ್ತೆ, ಹಿಂಡುತ್ತೆ, ಸೆಳೀತಾ ಇದೆ, ಸಿಡೀತಾ ಇದೆ, ಜೋಮು ಹಿಡಿದಿದೆ, ಮರಗಟ್ಟಿದೆ, ತೊಳಸಿದ ಹಾಗೆ ಆಗುತ್ತೆ. ಉತ್ತರ ಕರ್ನಾಟಕಕ್ಕೆ ಹೋದರೆ ನೋವು 'ಬ್ಯಾನಿ' ಆಗುತ್ತದೆ, ತಲೆಸುತ್ತು 'ಬವಳಿ' ಆಗುತ್ತದೆ. ಮುಟ್ಟಾದ ಹೆಣ್ಣುಮಗಳು 'ಹೊರಗಾಗಿದೀನಿ' ಅನ್ನುತ್ತಾಳೆ. ಬಿಳಿ ಸೆರಗಿನ ವಿಷಯವನ್ನಂತೂ ಗಂಡುಹುಡುಗನ ಮುಂದೆ ಬಾಯಿಬಿಟ್ಟು ಹೇಳುವುದೇ ಇಲ್ಲ, ಸುಮ್ನೆ 'ಸುಸ್ತು' ಅಂದುಬಿಡುತ್ತಾಳೆ. ಈ 'ಸುಸ್ತು' ಒಂದು ದೊಡ್ಡ ಚೀಲ. ರಕ್ತ ಕಡಿಮೆಯಾದ ಆಯಾಸ, ಮೆಟ್ಟಿಲು ಹತ್ತಿದಾಗಿನ ಏದುಸಿರು, ನಿದ್ದೆಗೇಡು, ಮನಸ್ಸಿನ ಬೇಸರ, ಎಲ್ಲವೂ ಅದರಲ್ಲೇ ಇರುತ್ತವೆ.

'ಗ್ಯಾಸ್' ಇನ್ನೂ ಅಪಾಯದ ಮಾತು. ಹೊಟ್ಟೆ ಉಬ್ಬರವೂ ಗ್ಯಾಸ್, ಹುಳಿತೇಗೂ ಗ್ಯಾಸ್, ಎದೆ ಬಿಗಿತವೂ ಗ್ಯಾಸ್. ಹೃದಯಾಘಾತವನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಮಲಗಿದವರ ಕಥೆ ಊರೂರಲ್ಲಿ ಇದೆ. "ಗ್ಯಾಸ್ ಅಂದ್ರೆ ನಿಮಗೆ ಏನಾಗುತ್ತೆ ಅಮ್ಮಾ? ಎಲ್ಲಾಗುತ್ತೆ, ಕೈಯಿಟ್ಟು ತೋರಿಸಿ" ಅಂತ ಕೇಳಲು ಯಾವ ಡಿಗ್ರಿಯೂ ಬೇಡ. ಕೇಳಬೇಕು ಅನ್ನಿಸಬೇಕು, ಅಷ್ಟೇ.

ಮೊದಲ ವರ್ಷದ ವಿದ್ಯಾರ್ಥಿಗೆ ಹಾಗೆ ಅನ್ನಿಸುತ್ತದೆ. ಅವನಿಗೂ 'ಗ್ಯಾಸ್' ಇನ್ನೂ ಬರೀ ಗ್ಯಾಸ್. ಓದು ಮುಂದುವರಿದಂತೆ ತಲೆಯಲ್ಲಿ ಖಾನೆಗಳು ತಯಾರಾಗುತ್ತವೆ. ರೋಗಿ ಬಾಯಿ ತೆರೆದ ತಕ್ಷಣ ಮಾತು ಒಂದು ಖಾನೆಗೆ ಬೀಳುತ್ತದೆ. 'ಏದುಸಿರು' ಹೋಗಿ 'ಡಿಸ್ಪ್ನಿಯಾ' ಬರುತ್ತದೆ. ಖಾನೆಗೆ ಹೊಂದದ ಮಾತು ಕಿವಿಗೇ ಬೀಳುವುದಿಲ್ಲ. ಖಾನೆ ಇಲ್ಲದೆ ವೈದ್ಯನಾಗಲು ಆಗದು, ಒಪ್ಪುತ್ತೇನೆ. ಆದರೆ ಖಾನೆಗಿಂತ ಮೊದಲು ಮನುಷ್ಯನ ಮಾತನ್ನು ಹಾಗೇ ಕೇಳಿದ ಅನುಭವ ಒಂದಿಷ್ಟಾದರೂ ಇರಬೇಕು. ಇದ್ದರೆ, ಮುಂದೆ ಮಾತು ಎಲ್ಲೋ ಹೊಂದುತ್ತಿಲ್ಲ ಅನ್ನಿಸಿದಾಗ ತಿರುಗಿ ಕೇಳುವ ಅಭ್ಯಾಸ ಉಳಿಯುತ್ತದೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದ ಜೆಫರ್ಸನ್ ಮೆಡಿಕಲ್ ಕಾಲೇಜಿನಲ್ಲಿ ಹೋಜತ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಅನುಕಂಪವನ್ನು ವರ್ಷ ವರ್ಷ ಅಳೆದು 2009ರಲ್ಲಿ ಪ್ರಕಟಿಸಿದರು. ಮೂರನೇ ವರ್ಷದಲ್ಲಿ ಅದು ಇಳಿದದ್ದು ಕಂಡಿತು. ಆಶ್ಚರ್ಯ ಏನೆಂದರೆ, ಅಲ್ಲಿ ಮೂರನೇ ವರ್ಷವೇ ವಿದ್ಯಾರ್ಥಿಗಳು ಪೂರ್ತಿಯಾಗಿ ರೋಗಿಗಳ ನಡುವೆ ಇರುವ ವರ್ಷ. ಹಾಗಾದರೆ ರೋಗಿಯನ್ನು ನೋಡಿದಷ್ಟಕ್ಕೇ ಮನಸ್ಸು ಮೆತ್ತಗಾಗುವುದಿಲ್ಲ. ಕೆಲಸದ ಒತ್ತಡ, ನಿದ್ದೆಯಿಲ್ಲದ ರಾತ್ರಿ, ಸೀನಿಯರ್‌ಗಳ ಗದರಿಕೆ ಎಲ್ಲ ಒಟ್ಟಿಗೆ ಬಂದಾಗ ಮನಸ್ಸು ಗಡುಸಾಗಲೂಬಹುದು. ಮೊದಲ ವರ್ಷದ ಭೇಟಿಯ ಬೆಲೆ ಇರುವುದು ಇಲ್ಲೇ. ಆಗ ಅವರ ಮೇಲೆ ಕೆಲಸದ ಹೊರೆ ಇಲ್ಲ. ಬರೆಯಬೇಕಾದ ಕೇಸ್ ಶೀಟ್ ಇಲ್ಲ. ಕೂತು ಕೇಳಲು ಸಮಯ ಇದೆ.

ಇದರಿಂದ ಏನು ಉಪಯೋಗ ಅಂತ ಬೇರೆ ದೇಶಗಳಲ್ಲೂ ನೋಡಿದ್ದಾರೆ. ಟಿಮ್ ಡೋರ್ನನ್ ಮತ್ತು ಸಂಗಡಿಗರು 2006ರಲ್ಲಿ 70ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಬೇಗ ರೋಗಿಗಳನ್ನು ಕಂಡವರಿಗೆ ಓದಿನ ಮೇಲೆ ಆಸಕ್ತಿ ಬರುತ್ತದೆ, ರೋಗಿಯ ಮುಂದೆ ನಿಲ್ಲುವ ಅಂಜಿಕೆ ತಗ್ಗುತ್ತದೆ, ತಾನು ಯಾವ ಕೆಲಸಕ್ಕೆ ಬಂದಿದ್ದೇನೆ ಅನ್ನುವುದು ಮನಸ್ಸಿಗೆ ಹತ್ತುತ್ತದೆ ಅನ್ನುವ ಕಡೆಗೆ ಅವು ಕೈತೋರಿಸುತ್ತವೆ. ಮುಂದೆ ಇವರ ಕೈಯಲ್ಲಿ ರೋಗಿಗಳು ಹೆಚ್ಚು ಗುಣವಾಗುತ್ತಾರಾ ಅನ್ನುವುದನ್ನು ಅಳೆಯುವುದು ಬಹಳ ಕಷ್ಟ. ನಡುವೆ ಹತ್ತು ವರ್ಷ, ನೂರು ಕಾರಣ ಇರುತ್ತವೆ.

ಭಾಷೆಯ ಬಗ್ಗೆ ಇನ್ನೊಂದು ಮಾತು. ಕರ್ನಾಟಕದ ಕಾಲೇಜುಗಳಲ್ಲಿ ಹೊರರಾಜ್ಯದ ಮಕ್ಕಳು ಬಹಳ. ಹೊಸ ಪಠ್ಯಕ್ರಮದ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸುವುದಕ್ಕೂ ಜಾಗವಿದೆ. ತರಗತಿಯಲ್ಲಿ ಕಲಿತ 'ನಿಮ್ಮ ಹೆಸರೇನು' ವಾರ್ಡಿನಲ್ಲಿ ಎರಡು ನಿಮಿಷಕ್ಕೆ ಸಾಲುತ್ತದೆ. ಆಮೇಲೆ ಅಜ್ಜಿ ಮಾತು ಶುರುಮಾಡುತ್ತಾರೆ! ಕರಾವಳಿಯಾದರೆ ಆ ಮಾತು ತುಳುವಿನಲ್ಲಿ ಇರಬಹುದು, ಕಲಬುರಗಿಯಾದರೆ ದಖನಿಯಲ್ಲಿ. ಮೊದಲ ವರ್ಷದಲ್ಲೇ ಹೀಗೆ ತಬ್ಬಿಬ್ಬಾದ ಹುಡುಗ ಮನಸ್ಸಿಟ್ಟು ಭಾಷೆ ಕಲಿಯುತ್ತಾನೆ. ಮೂರನೇ ವರ್ಷದಲ್ಲಿ ಪರೀಕ್ಷೆಗಾಗಿ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿದವನಿಗೆ ಉತ್ತರ ಅರ್ಥವಾಗುವುದಿಲ್ಲ.

ಕರೆಯುವ ರೀತಿಯೂ ಕಲಿಕೆಯೇ. ಹೆಸರು ಹಿಡಿದು ಕೂಗುವುದಕ್ಕೂ 'ಅಜ್ಜಾ', 'ಅಕ್ಕಾ', 'ಯಜಮಾನ್ರೇ' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ! ರೋಗಿ ತಿರುಗಿ 'ಡಾಕ್ಟ್ರೇ' ಅಂದರೆ, "ನಾನಿನ್ನೂ ಡಾಕ್ಟರ್ ಅಲ್ಲ ಅಜ್ಜಾ, ಈಗ ತಾನೇ ಓದೋಕೆ ಸೇರಿದೀನಿ" ಅನ್ನಬೇಕು. ಇದನ್ನು ಮೊದಲ ದಿನವೇ ಹೇಳಿಕೊಡಬೇಕು. ಕುತ್ತಿಗೆಯಲ್ಲಿ ಸ್ಟೆತಸ್ಕೋಪ್, ಮೈಮೇಲೆ ಬಿಳಿ ಕೋಟು ಇದ್ದಾಗ ಆ ಮಾತು ಬಾಯಿಗೆ ಬರುವುದು ಸುಲಭವಲ್ಲ.

ವಾರ್ಡಿನಿಂದ ಮನೆ ಬಾಗಿಲಿಗೆ

ಇಸಿಇ ನಡೆಯುವುದು ಮೂರು ಕಡೆ. ತರಗತಿಯಲ್ಲಿ, ಆಸ್ಪತ್ರೆಯಲ್ಲಿ, ಊರಿನಲ್ಲಿ. ತರಗತಿಯಲ್ಲಾದರೆ ರೋಗಿಯನ್ನು ಒಪ್ಪಿಗೆ ಪಡೆದು ಕರೆತರುತ್ತಾರೆ, ಇಲ್ಲವೇ ಒಂದು ಪ್ರಕರಣದ ವಿವರ, ಎಕ್ಸ್‌ರೇ, ರಕ್ತದ ರಿಪೋರ್ಟ್ ಇಟ್ಟು ಚರ್ಚೆ ಮಾಡುತ್ತಾರೆ. ನಾಡಿ ಹಿಡಿಯುವುದು, ಬಿಪಿ ನೋಡುವುದನ್ನು ಮಕ್ಕಳು ಮೊದಲು ಒಬ್ಬರ ಮೇಲೊಬ್ಬರು ಕಲಿಯುತ್ತಾರೆ. ಅದು ಸರಿ. ರೋಗಿಯ ಕೈ ಅಭ್ಯಾಸದ ಹಲಗೆಯಾಗಬಾರದು.

ನನಗೆ ಹೆಚ್ಚು ಇಷ್ಟವಾದದ್ದು ಊರಿನ ಭಾಗ. 2020ರಲ್ಲಿ ಹಳೆಯ ಮಂಡಳಿಯ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಅದು 2021-22ರ ಬ್ಯಾಚಿನಿಂದ ಕುಟುಂಬ ದತ್ತು ಕಾರ್ಯಕ್ರಮ ಶುರುಮಾಡಿತು. ಪ್ರತಿ ವಿದ್ಯಾರ್ಥಿಗೆ ಹಳ್ಳಿಯ ಕನಿಷ್ಠ 3 ಕುಟುಂಬಗಳು. ಮೊದಲ ವರ್ಷದಿಂದ ಶುರುವಾಗಿ ಮುಂದಿನ ವರ್ಷಗಳಲ್ಲೂ ಅದೇ ಮನೆಗಳಿಗೆ ಹೋಗಿಬರಬೇಕು. 'ದತ್ತು' ಅನ್ನುವ ಪದ ನನಗೆ ಅಷ್ಟು ಹಿಡಿಸುವುದಿಲ್ಲ. ಹದಿನೆಂಟರ ಹುಡುಗಿಯನ್ನು ಆ ಮನೆಯ ಅಜ್ಜಿ ಕೂರಿಸಿ ಕಾಫಿ ಕೊಟ್ಟು ಮಾತಾಡಿಸುತ್ತಾರೆ. ದತ್ತು ತೆಗೆದುಕೊಂಡವರು ಯಾರು ಇಲ್ಲಿ? ಪದ ಏನೇ ಇರಲಿ, ಕೆಲಸ ಒಳ್ಳೆಯದು.

ಯಾಕೆ ಒಳ್ಳೆಯದು ಅಂದರೆ, ಆಸ್ಪತ್ರೆಯಲ್ಲಿ ರೋಗ ಕಾಣುತ್ತದೆ, ಮನೆಯಲ್ಲಿ ಅದರ ಬೇರು ಕಾಣುತ್ತದೆ. ಬಯೋಕೆಮಿಸ್ಟ್ರಿಯಲ್ಲಿ ಇನ್ಸುಲಿನ್ ಪಾಠ ಇದೆ. ಎರಡು ಸರಪಳಿ, ಒಟ್ಟು 51 ಅಮೈನೋ ಆಮ್ಲ. ಹಳ್ಳಿಯ ಮನೆಯಲ್ಲಿ ಅದೇ ಇನ್ಸುಲಿನ್ ಸೀಸೆ ನೀರು ತುಂಬಿದ ಮಡಕೆಯೊಳಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ತಣ್ಣಗೆ ಕೂತಿರುತ್ತದೆ. ಯಾಕೆ? ಮನೆಯಲ್ಲಿ ಫ್ರಿಜ್ ಇಲ್ಲ. ಇದ್ದರೂ ಕರೆಂಟ್ ಇರಬೇಕಲ್ಲ. 'ತಂಪಾದ ಜಾಗದಲ್ಲಿಡಿ' ಅಂತ ಚೀಟಿಯಲ್ಲಿ ಬರೆದುಕೊಟ್ಟವರಿಗೆ ಆ ಮಡಕೆಯ ಬುದ್ಧಿವಂತಿಕೆ ಗೊತ್ತಿರಬೇಕು.

ಇನ್ನೊಂದು ಮನೆಯಲ್ಲಿ ಗರ್ಭಿಣಿಗೆ ರಕ್ತ ಕಡಿಮೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ಡಬ್ಬಿಯಲ್ಲೇ ಉಳಿದಿದೆ. ಹಿಮೋಗ್ಲೋಬಿನ್ ಹೇಗೆ ಆಮ್ಲಜನಕ ಹೊರುತ್ತದೆ ಅಂತ ವಿದ್ಯಾರ್ಥಿಗೆ ಗೊತ್ತು. ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳಸುತ್ತದೆ, ಅದಕ್ಕೆ ಹೆದರಿ ಬಿಟ್ಟಿದ್ದಾರೆ ಅನ್ನುವುದು ಈಗ ಗೊತ್ತಾಯಿತು. ಕಪ್ಪಗಾಗುವುದು ಸಹಜ, ಹೆದರಬೇಡಿ ಅಂತ ಯಾರೂ ಹೇಳಿರಲಿಲ್ಲ. ಇಂಥ ಒಂದು ಭೇಟಿ ಆದ ಮೇಲೆ ಆ ಹುಡುಗಿ ವೈದ್ಯೆಯಾಗಿ ಕಬ್ಬಿಣದ ಮಾತ್ರೆ ಬರೆಯುವಾಗಲೆಲ್ಲ ಆ ಡಬ್ಬಿ ನೆನಪಾಗುತ್ತದೆ.

ಎಡವುವುದು ಎಲ್ಲಿ

ಇಷ್ಟು ಹೊಗಳಿದ ಮೇಲೆ ಕಷ್ಟಗಳನ್ನೂ ಹೇಳಬೇಕು. ಮೊದಲನೆಯದು ಸಂಖ್ಯೆ. ನಮ್ಮ ಕಾಲೇಜುಗಳಲ್ಲಿ ಒಂದು ಬ್ಯಾಚಿಗೆ 150 ಮಕ್ಕಳು, 200, ಕೆಲವು ಕಡೆ 250. ಇವರನ್ನು ಹತ್ತು ಹತ್ತರ ಗುಂಪು ಮಾಡಿದರೆ ಎಷ್ಟು ಗುಂಪು, ಎಷ್ಟು ಶಿಕ್ಷಕರು ಬೇಕು ಲೆಕ್ಕ ಹಾಕಿ. ಎಷ್ಟೋ ಕಡೆ ಅನಾಟಮಿ ಹೇಳುವವರು ವಾರ್ಡ್ ಬಿಟ್ಟು ಬಹಳ ವರ್ಷ ಆಗಿರುತ್ತದೆ. ವಾರ್ಡಿನ ವೈದ್ಯರಿಗೆ ಓಪಿಡಿಯ ಸಾಲೇ ಮುಗಿಯುವುದಿಲ್ಲ. ಕೊನೆಗೆ ಉಳಿಯುವುದು ಸ್ಲೈಡು. ದೊಡ್ಡ ಹಾಲಿನಲ್ಲಿ ರೋಗಿಯ ಫೋಟೋ ತೋರಿಸಿ 'ಇಸಿಇ ಆಯಿತು' ಅಂತ ರಿಜಿಸ್ಟರಿನಲ್ಲಿ ಬರೆದರೆ, ಅದು ಇನ್ನೊಂದು ಲೆಕ್ಚರ್ ಅಷ್ಟೇ. ತಿಂಗಳಿಗೆ ಒಂದೇ ಸಲ ಆದರೂ ಪರವಾಗಿಲ್ಲ, ನಾಲ್ಕು ಜನ ಒಬ್ಬ ರೋಗಿಯ ಜೊತೆ ಅರ್ಧ ಗಂಟೆ ಕೂತರೆ ಅದರ ತೂಕ ಹೆಚ್ಚು.

ಎರಡನೆಯದು, ಏನು ಮಾಡಬೇಕು ಅಂತ ಹೇಳದೆ ಕಳಿಸುವುದು. 'ಹೋಗಿ ವಾರ್ಡ್ ನೋಡಿ ಬನ್ನಿ' ಅಂದರೆ ಮಕ್ಕಳು ಗೋಡೆಗೆ ಒರಗಿ ನಿಂತು ವಾಪಸ್ ಬರುತ್ತಾರೆ. ಸಣ್ಣ, ಖಚಿತ ಕೆಲಸ ಕೊಡಬೇಕು. ಈ ಕಾಯಿಲೆಯಿಂದ ಮನೆಯಲ್ಲಿ ಏನು ಬದಲಾಯಿತು ಅಂತ ಕೇಳಿ ಬಾ. ಊರಿನಿಂದ ಇಲ್ಲಿಗೆ ಬರಲು ಎಷ್ಟು ಬಸ್ ಹತ್ತಿದರು, ಎಷ್ಟು ದಿನದ ಕೂಲಿ ಹೋಯಿತು ಕೇಳಿ ಬಾ. ಮೊದಲ ವರ್ಷದವರ ಕೈಲಾಗುವ ಕೆಲಸ ಇದು. ಇದರ ಉತ್ತರ ಎಷ್ಟೋ ಸಲ ಕೇಸ್ ಶೀಟಿನಲ್ಲೂ ಇರುವುದಿಲ್ಲ.

ವಾಪಸ್ ಬಂದ ಮೇಲೆ ಕೂತು ಮಾತಾಡಬೇಕು. ಈ ಭಾಗವನ್ನೇ ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಅದು ನನಗೆ ಬೇಸರದ ಸಂಗತಿ. ಏನು ಕಂಡೆ? ಏನನ್ನಿಸಿತು? ಏನು ಅರ್ಥವಾಗಲಿಲ್ಲ? ಮೊದಲ ಬಾರಿ ಸಾವು ಹತ್ತಿರವಾದವರನ್ನು ಕಂಡ ಹುಡುಗ ಹಾಸ್ಟೆಲ್ ಕೋಣೆಯಲ್ಲಿ ಒಬ್ಬನೇ ಅದನ್ನು ಹೊತ್ತುಕೊಂಡು ಕೂರಬಾರದು. ಹಾಗೆ ಕೂತವನು ಬೇಗ ಕಲಿಯುವುದು ಮನಸ್ಸು ಮುಚ್ಚಿಕೊಳ್ಳುವುದನ್ನು.

ಇನ್ನು ರೋಗಿಯ ಕಡೆ. ಇದು ನನ್ನನ್ನು ಹೆಚ್ಚು ಕಾಡುವ ವಿಷಯ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಬರುವವರು ಬಹುಪಾಲು ಬಡವರು. ದುಡ್ಡಿರುವವರು ಸ್ಪೆಷಲ್ ವಾರ್ಡಿನಲ್ಲೋ ಖಾಸಗಿ ಆಸ್ಪತ್ರೆಯಲ್ಲೋ ಬಾಗಿಲು ಹಾಕಿಕೊಳ್ಳುತ್ತಾರೆ. ಅಂದರೆ ಇಡೀ ನಾಡಿನ ವೈದ್ಯರಿಗೆ ಪಾಠ ಹೇಳುವ ಭಾರ ಹೊತ್ತಿರುವುದು ಜನರಲ್ ವಾರ್ಡಿನ ಜನ. ಅವರ ಹತ್ತಿರ ಹೋಗಿ 'ಮಕ್ಕಳು ನೋಡಬಹುದಾ' ಅಂದರೆ 'ಆಗಲಿ ಸ್ವಾಮಿ' ಅನ್ನುತ್ತಾರೆ. ಆ 'ಆಗಲಿ'ಯಲ್ಲಿ ಒಪ್ಪಿಗೆ ಎಷ್ಟು, ಬೇಡ ಅಂದರೆ ಚಿಕಿತ್ಸೆ ನಿಂತೀತು ಅನ್ನುವ ಭಯ ಎಷ್ಟು? ಒಪ್ಪಿಗೆ ಕೇಳುವುದನ್ನು ಪ್ರಾಧ್ಯಾಪಕರ ದಂಡು ಬಂದು ನಿಂತಾಗ ಕೇಳಬಾರದು. ಮೊದಲೇ, ಸಮಾಧಾನವಾಗಿ, ಗುರುತಿರುವ ನರ್ಸ್ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ. ಬೇಡ ಅಂದವರ ಬಳಿ ನಗುಮುಖದಿಂದ 'ಪರವಾಗಿಲ್ಲ ಅಮ್ಮಾ' ಅಂದು ಬರುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಬೇಕು.

'ಆರನೇ ಬೆಡ್ಡಿನ ಲಿವರ್' ಅನ್ನುವ ಮಾತು ವಾರ್ಡಿನಲ್ಲಿ ಸಾಮಾನ್ಯ. ಮೊದಲ ವಾರ ಮಕ್ಕಳಿಗೆ ಅದು ಚುಚ್ಚುತ್ತದೆ. ಒಂದು ತಿಂಗಳಿಗೆ ಅವರೂ ಹಾಗೇ ಅನ್ನುತ್ತಾರೆ. ಹಿರಿಯರ ಬಾಯಿಂದ ಬೀಳುವ ಇಂಥ ಮಾತುಗಳೂ ಪಾಠವೇ. ಅದಕ್ಕೇ ಮೊದಲ ವರ್ಷದವರನ್ನು ವಾರ್ಡಿಗೆ ಕರೆದೊಯ್ಯುವವರು ತಮ್ಮ ಮಾತನ್ನು ತಾವೇ ಒಮ್ಮೆ ಕೇಳಿಸಿಕೊಳ್ಳಬೇಕು.

ನಿಮ್ಮ ಹಾಸಿಗೆಯ ಬಳಿ ಅವರು ಬಂದರೆ

ನಿಮಗೋ ನಿಮ್ಮವರಿಗೋ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದರೆ, ಬಿಳಿ ಕೋಟಿನ ಎಳೆಯ ಮುಖಗಳು ಬಂದೇ ಬರುತ್ತವೆ. ನೀವು ಯಾರು, ಯಾವ ವರ್ಷ ಅಂತ ಕೇಳಿ. ಹೇಳುವುದು ಅವರ ಕರ್ತವ್ಯ. ಆಯಾಸವಾಗಿದ್ದರೆ, ಊಟದ ಹೊತ್ತಾಗಿದ್ದರೆ, ಮನಸ್ಸಿಲ್ಲದಿದ್ದರೆ ಬೇಡ ಅನ್ನಿ. ಅದರಿಂದ ಚಿಕಿತ್ಸೆಗೆ ಏನೂ ತೊಂದರೆ ಆಗಬಾರದು. ಮೈ ಮುಟ್ಟಿ ನೋಡುವುದಾದರೆ ಪರದೆ ಎಳೆಯಲು ಹೇಳಿ, ಕೈ ತೊಳೆದಿದ್ದಾರಾ ಕೇಳಿ. ಹೆಣ್ಣುಮಕ್ಕಳು ಜೊತೆಗೆ ಮಹಿಳಾ ಸಿಬ್ಬಂದಿ ಇರಲಿ ಅನ್ನಬಹುದು. ಮೊಬೈಲಿನಲ್ಲಿ ಫೋಟೋ ತೆಗೆಯಲು ಹೊರಟರೆ ಖಂಡಿತ ಬೇಡ ಅನ್ನಿ.

ಒಪ್ಪಿದರೆ, ಅವರ ಪ್ರಶ್ನೆ ಮುಗಿಯುವವರೆಗೆ ಕಾಯಬೇಕಿಲ್ಲ. ನಿಮ್ಮ ಮಾತಿನಲ್ಲೇ ಹೇಳಿ. ಯಾವಾಗಿನಿಂದ, ಹೇಗೆ ಶುರುವಾಯಿತು, ಮೊದಲು ಯಾರ ಬಳಿ ಹೋದಿರಿ, ಯಾವ ಮಾತ್ರೆ ಯಾಕೆ ಬಿಟ್ಟಿರಿ, ರಾತ್ರಿ ನಿದ್ದೆ ಬರದಿದ್ದಾಗ ಏನು ಯೋಚನೆ ಬರುತ್ತದೆ. ಆ ಹುಡುಗಿ ತಡವರಿಸುತ್ತಾ ಕನ್ನಡದಲ್ಲಿ 'ಬ್ಯಾನಿ ಎಲ್ಲಿ ಅಜ್ಜಿ' ಅಂತ ಕೇಳಿದರೆ, ಕೈ ಹಿಡಿದು ತೋರಿಸಿ. ತಪ್ಪು ಕನ್ನಡ ಆಡಿದರೆ ತಿದ್ದಿ. ಹೋಗುವಾಗ ಅವಳು ನಿಮ್ಮ ಹೆಸರು ನೆನಪಿಟ್ಟುಕೊಂಡಿದ್ದಾಳಾ ಕೇಳಿ ನೋಡಿ.